ಮಾದರಿ ಶಾಸನಸಭೆಯೂ ಮಕ್ಕಳ ಪ್ರಶ್ನೆಯೂ
(ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳನ್ನು ಕುರಿತು ಒಂದು ಚಾರಿತ್ರಿಕ ವಿಮರ್ಶೆ)

೧

ಮಾಧ್ಯಮಿಕ ತರಗತಿಗಳಲ್ಲಿಯೂ ಪ್ರೌಢಶಾಲೆಗಳಲ್ಲಿಯೂ ಓದುವ ಮಕ್ಕಳಿಗೆ ರಾಜ್ಯಾಡಳಿತದ ಕ್ರಮವನ್ನು ಮಾಡಿ ತೋರಿಸಿ, ಅವರಿಂದಲೇ ಮಾಡಿಸಿ ಕಲಿಸುವ ಪದ್ಧತಿಯು ನಮ್ಮ ನಾಡಿನಲ್ಲಿ ಮೂರು ರೂಪಗಳಲ್ಲಿ ಬಳಕೆಗೆ ಬಂದಿರುವುದು. ಒಂದನೆಯದು, ಪ್ರತಿಯೊಂದು ಶಾಲೆಯೊಳಗೆ ಚುನಾವಣೆಯ ಮೂಲಕ ಏರ್ಪಡುವ ಶಾಲಾ ಸಂಸತ್ತು. ಎರಡನೆಯದು, ಲೋಕಸಭೆಯ ಒಂದು ದಿನದ ಕಲಾಪವನ್ನು ಅನುಕರಿಸಿ ನಡೆಯುವ ಯುವ ಸಂಸತ್ತಿನ ಸ್ಪರ್ಧೆ. ಮೂರನೆಯದು, ಗ್ರಾಮ ಪಂಚಾಯತಿಯು ವರ್ಷಕ್ಕೊಮ್ಮೆ ಕರೆಯುವ ಮಕ್ಕಳ ಗ್ರಾಮಸಭೆ. ಸಾಮಾನ್ಯವಾಗಿ ಈ ಮೂರನ್ನೂ ಒಂದೇ ಬಳ್ಳಿಯ ಹೂಗಳೆಂದು ಭಾವಿಸುವುದುಂಟು. ವಿಚಾರಿಸಿ ನೋಡಿದರೆ ಇವುಗಳ ಹುಟ್ಟು ಬೇರೆ, ಉದ್ದೇಶ ಬೇರೆ, ಫಲವೂ ಬೇರೆ. ಮೊದಲಿನ ಎರಡು ಸಭೆಯ ಆಕಾರವನ್ನು ಕಲಿಸತಕ್ಕವು. ಕಡೆಯದು ಸಭೆಯ ಮುಂದೆ ಅಹವಾಲನ್ನು ಇಡುವುದನ್ನು ಕಲಿಸತಕ್ಕದ್ದು. ಆಕಾರವೂ ಅಹವಾಲೂ ಕೂಡಿದಲ್ಲಿ ಮಾತ್ರ ಪ್ರಜಾಪ್ರಭುತ್ವವೆಂಬುದು ವಿದ್ಯೆಯಾಗಬಲ್ಲುದು. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಮೂರು ತಾಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳನ್ನು ಕಣ್ಣಮುಂದಿಟ್ಟುಕೊಂಡು ಈ ಸಂಗತಿಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಈ ಮೂರು ತಾಲೂಕುಗಳನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಕರ್ನಾಟಕದ ಪಂಚಾಯತ ರಾಜ್ಯದ ಚರಿತ್ರೆಯಲ್ಲಿ ಹೊಸ ಅಧ್ಯಾಯವನ್ನು ತೆರೆದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು (೧೯೨೬–೨೦೦೪) ಸಿದ್ದಾಪುರ ತಾಲೂಕಿನ ದೊಡ್ಮನೆಯವರು. ೨೦೦೮ರಿಂದ ೨೦೧೩ರ ವರೆಗೆ ಪ್ರಾಥಮಿಕ ಮತ್ತು ಪ್ರೌಢಶಿಕ್ಷಣದ ಮಂತ್ರಿಗಳಾಗಿಯೂ, ೨೦೧೯ರಿಂದ ೨೦೨೩ರ ವರೆಗೆ ವಿಧಾನಸಭೆಯ ಸಭಾಧ್ಯಕ್ಷರಾಗಿಯೂ ಇದ್ದ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಆ ಅವಧಿಗಳಲ್ಲಿ ಶಿರಸಿಯ ಪ್ರತಿನಿಧಿಗಳಾಗಿದ್ದರು. ೨೦೨೦ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶಿತರಾಗಿ, ಸಿದ್ದಿ ಜನಾಂಗದಿಂದ ರಾಜ್ಯದ ಶಾಸನಮಂಡಲವನ್ನು ಪ್ರವೇಶಿಸಿದ ಮೊದಲಿಗರೆನಿಸಿದ ಶಾಂತಾರಾಮ ಸಿದ್ದಿಯವರು ಯಲ್ಲಾಪುರ ತಾಲೂಕಿನವರು. ಹೀಗೆ ಕಾಯಿದೆಯನ್ನು ಮಾಡಿದವರು, ಸಭೆಯನ್ನು ನಡೆಯಿಸಿದವರು, ಸಭೆಯೊಳಗೆ ಅದುವರೆಗೆ ಕೇಳಿಬಾರದ ಜನಾಂಗದ ದನಿಯನ್ನು ಒಯ್ದವರು, ಈ ಮೂವರೂ ಅಡಕೆ ತೋಟ ಮತ್ತು ಕಾಡುಗಳ ನಡುವಣ ಚದರಿದ ಊರುಗಳಿಂದ ಬಂದವರು. ಇಂತಹ ಸೀಮೆಯಲ್ಲಿ ಮಕ್ಕಳ ಸಭಾಶಿಕ್ಷಣವು ಎಂತಿರಬೇಕೆಂಬುದು ಕೇವಲ ಶಿಕ್ಷಣ ಇಲಾಖೆಯ ಪ್ರಶ್ನೆಯಲ್ಲ. ಅದು ಚರಿತ್ರೆಯ ಪ್ರಶ್ನೆಯೂ ಹೌದು.

೨

ಈ ಸೀಮೆಯ ಜನರಿಗೆ ಸಭೆಯೆಂಬುದು ಶಾಲೆಯ ಮೂಲಕ ಬಂದ ಹೊಸ ವಸ್ತುವಲ್ಲ. ಶಿರಸಿ ತಾಲೂಕಿನ ಬನವಾಸಿಯು ಕದಂಬರ ರಾಜಧಾನಿಯಾಗಿದ್ದುದು ವಾಚಕರಿಗೆ ವಿದಿತವೇ ಆಗಿದೆ. ಆದರೆ ಅಷ್ಟು ಹಿಂದಕ್ಕೆ ಹೋಗದೆ, ಆಧುನಿಕ ಕಾಲದ ಮೂರು ಪರಂಪರೆಗಳನ್ನು ಇಲ್ಲಿ ಗಮನಿಸಿದರೆ ಸಾಕು.

ಮೊದಲನೆಯದು ಅರ್ಜಿಯ ಪರಂಪರೆ. ಕೆನರಾ ಜಿಲ್ಲೆಯ ಉತ್ತರ ಭಾಗವು ೧೮೬೨ರಲ್ಲಿ ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. ಆ ಬಳಿಕ ಕಾಡುಗಳನ್ನು ಸರಕಾರವು ಕಾದಿರಿಸಿಕೊಳ್ಳತೊಡಗಿದಾಗ, ಅಡಕೆ ತೋಟಕ್ಕೆ ಸೊಪ್ಪು, ದನಗಳಿಗೆ ಮೇವು, ಮನೆಗೆ ಮರ, ಒಲೆಗೆ ಸೌದೆ ಇವೆಲ್ಲವೂ ಒಮ್ಮೆಲೇ ಅಧಿಕಾರಿಗಳ ಅಪ್ಪಣೆಯ ವಿಷಯಗಳಾದುವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜಿಲ್ಲೆಯ ಕೃಷಿಕರು ‘ವನದುಃಖ ನಿವಾರಣ ಸಭೆ’ಯೆಂಬ ಹೆಸರಿನಿಂದ ಕೂಡಿ ತಮ್ಮ ಕಷ್ಟವನ್ನು ಸರಕಾರಕ್ಕೆ ನಿವೇದಿಸಿಕೊಂಡರು. ಆ ಹೆಸರಿನಲ್ಲಿಯೇ ಒಂದು ಪಾಠವಿದೆ: ದುಃಖವನ್ನು ಮೊದಲು ಹೆಸರಿಡಿದು ಹೇಳುವುದು, ಅದರ ನಿವಾರಣೆಗಾಗಿ ಕೂಡುವುದು, ಕೂಡಿದುದನ್ನು ಸಭೆಯೆಂದು ಕರೆಯುವುದು. ಬೆಟ್ಟದ ಸೊಪ್ಪಿನ ಹಕ್ಕನ್ನು ಕುರಿತ ಬರವಣಿಗೆಯೇ ಈ ಸೀಮೆಯ ಅನೇಕ ಮನೆಗಳಿಗೆ ರಾಜ್ಯಶಾಸ್ತ್ರದ ಮೊದಲ ಪಾಠವಾಯಿತೆಂದರೆ ಅತಿಶಯೋಕ್ತಿಯಾಗದು. ಅರ್ಜಿಯು ಫಲಿಸದಾದಾಗ ಮುಂದಿನ ಹೆಜ್ಜೆಯನ್ನೂ ಜನರು ಅರಿತಿದ್ದರು. ೧೯೩೨ರ ಕರನಿರಾಕರಣೆಯ ಹೋರಾಟದಲ್ಲಿ ಸಿದ್ದಾಪುರ ಹಾಗೂ ಅಂಕೋಲೆಯ ರೈತರು ಪಟ್ಟ ಪಾಡು ಕರ್ನಾಟಕದ ಸ್ವಾತಂತ್ರ್ಯ ಚರಿತ್ರೆಯಲ್ಲಿ ಅಚ್ಚಳಿಯದೆ ನಿಂತಿದೆ.

ಎರಡನೆಯದು ಸಹಕಾರದ ಪರಂಪರೆ. ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯು ೧೯೨೩ರಲ್ಲಿ ಸ್ಥಾಪಿತವಾಯಿತು. ಇಂತಹ ಸಂಘಗಳ ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಹಿಂದಿನ ಸಭೆಯ ನಡವಳಿಯನ್ನು ಓದಿ ಕಾಯಂ ಮಾಡುವುದು, ಆಯವ್ಯಯವನ್ನು ಮುಂದಿಡುವುದು, ಸದಸ್ಯನೊಬ್ಬನು ಎದ್ದು ಲೆಕ್ಕ ಕೇಳುವುದು, ಠರಾವನ್ನು ಸೂಚಿಸಿ ಅನುಮೋದಿಸುವುದು, ಇವೆಲ್ಲವೂ ನಡೆಯತಕ್ಕವು. ಶಾಸನಸಭೆಯ ಮುಖ್ಯ ಅಂಗಗಳೆಲ್ಲವೂ ಚಿಕ್ಕ ಪ್ರಮಾಣದಲ್ಲಿ ಅಲ್ಲಿ ಇವೆ. ವಿಶೇಷವೇನೆಂದರೆ, ಅಲ್ಲಿ ಕೇಳಿದ ಪ್ರಶ್ನೆಯು ಆಟದ್ದಲ್ಲ. ಕೇಳುವವನ ಅಡಕೆಯೂ ಹಣವೂ ಆ ಸಂಘದಲ್ಲಿರುವುದು.

ಮೂರನೆಯದು ವಾಕ್ಕಿನ ಪರಂಪರೆ. ತಾಳಮದ್ದಲೆಯು ಈ ಮೂರು ತಾಲೂಕುಗಳಲ್ಲಿ ಮನೆಮನೆಯ ವಿದ್ಯೆ. ವೇಷವಿಲ್ಲ, ರಂಗವಿಲ್ಲ, ಭಾಗವತನು ಪದವನ್ನು ಹಾಡಿದ ಕೂಡಲೆ ಅರ್ಥಧಾರಿಯು ಎದುರಾಳಿಯ ಮಾತನ್ನು ಕೇಳಿಕೊಂಡು ಆಶುವಾಗಿ ಉತ್ತರಿಸಬೇಕು. ಕೃಷ್ಣಸಂಧಾನದಂತಹ ಪ್ರಸಂಗದಲ್ಲಂತೂ ಕಥೆಯೇ ಒಂದು ರಾಜಸಭೆ. ಅಲ್ಲಿ ಆಕ್ಷೇಪ, ಸಮಾಧಾನ, ಮರುಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಆದರೆ ಇದಕ್ಕೂ ಶಾಸನಸಭೆಗೂ ಇರುವ ಭೇದವನ್ನು ಮರೆಯಲಾಗದು. ಸಂಧಾನವು ಮುರಿಯುವುದೆಂದು ಅರ್ಥಧಾರಿಗೂ ಗೊತ್ತು, ಕೇಳುವವನಿಗೂ ಗೊತ್ತು. ವಾದದ ಸೊಗಸಿನಿಂದ ಕಥೆಯ ಗತಿಯು ಬದಲಾಗದು. ಶಾಸನಸಭೆಯಲ್ಲಾದರೋ ವಾದದಿಂದ ನಿರ್ಣಯವು ಬದಲಾಗಬಲ್ಲುದೆಂಬ ನಂಬಿಕೆಯೇ ಪ್ರಾಣ. ಮಾದರಿ ಸಭೆಯು ತಾಳಮದ್ದಲೆಯ ಕಡೆಗೆ ವಾಲುವುದೋ, ಸಹಕಾರ ಸಂಘದ ಸಭೆಯ ಕಡೆಗೆ ವಾಲುವುದೋ ಎಂಬುದರ ಮೇಲೆ ಅದರ ಬೆಲೆಯು ನಿಂತಿದೆ.

೩

ಶಾಸನಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕು ಭಾರತೀಯರಿಗೆ ಸುಲಭವಾಗಿ ಬಂದುದಲ್ಲ. ೧೮೬೧ರ ಕೌನ್ಸಿಲುಗಳ ಕಾಯಿದೆಯ ಮೇರೆಗೆ ಸೇರಿದ ಸದಸ್ಯರು ತಮ್ಮ ಮುಂದೆ ಬಂದ ಮಸೂದೆಯನ್ನು ಕುರಿತು ಮಾತ್ರ ಮಾತನಾಡಬಹುದಾಗಿತ್ತು. ಆಡಳಿತವನ್ನು ಕುರಿತು ಪ್ರಶ್ನಿಸಲು ಅವಕಾಶವಿರಲಿಲ್ಲ. ೧೮೯೨ರ ಕಾಯಿದೆಯು ಪ್ರಶ್ನೆ ಕೇಳುವ ಅಧಿಕಾರವನ್ನು ಕೊಟ್ಟಿತಾದರೂ ಉತ್ತರದ ಮೇಲೆ ಮರುಪ್ರಶ್ನೆಗೆ ಎಡೆಗೊಡಲಿಲ್ಲ. ಉತ್ತರವು ಹಾರಿಕೆಯದಾಗಿದ್ದರೂ ಕೇಳಿದವನು ಸುಮ್ಮನೆ ಕುಳಿತುಕೊಳ್ಳಬೇಕಾಗಿತ್ತು. ೧೯೦೯ರ ಸುಧಾರಣೆಯಿಂದ ಮೂಲ ಪ್ರಶ್ನೆಯನ್ನು ಕೇಳಿದ ಸದಸ್ಯನಿಗೆ ಮಾತ್ರ ಉಪಪ್ರಶ್ನೆಯ ಹಕ್ಕು ದೊರೆಯಿತು. ೧೯೧೯ರ ಕಾಯಿದೆಯ ತರುವಾಯ ಅದು ಇತರ ಸದಸ್ಯರಿಗೂ ವಿಸ್ತರಿಸಿತು. ಎಂದರೆ, ಮೌನದಿಂದ ಪ್ರಶ್ನೆಗೆ ೩೧ ವರ್ಷ, ಪ್ರಶ್ನೆಯಿಂದ ಮರುಪ್ರಶ್ನೆಗೆ ೧೭ ವರ್ಷ, ಒಬ್ಬನ ಮರುಪ್ರಶ್ನೆಯಿಂದ ಎಲ್ಲರ ಮರುಪ್ರಶ್ನೆಗೆ ೧೦ ವರ್ಷ ಹಿಡಿಯಿತು.

ಈ ಲೆಕ್ಕವನ್ನು ಇಲ್ಲಿ ಕೊಟ್ಟುದಕ್ಕೆ ಕಾರಣವೇನೆಂದರೆ, ಪ್ರಜಾಪ್ರತಿನಿಧಿ ಸಭೆಯ ಸಾರವಿರುವುದು ಮರುಪ್ರಶ್ನೆಯಲ್ಲಿ. ಪ್ರಮಾಣವಚನ, ಆಸನ, ಗಂಟೆ, ಬಹುಮತ ಇವು ಸಭೆಯ ಅಂಗಗಳು. ಕೊಟ್ಟ ಉತ್ತರವು ಸಾಲದೆಂದು ಹೇಳಿ ಮತ್ತೆ ಕೇಳಬಲ್ಲ ಸದಸ್ಯನೂ, ಹಾಗೆ ಕೇಳಿದಾಗ ಉತ್ತರಿಸಲೇಬೇಕಾದ ಮಂತ್ರಿಯೂ ಸಭೆಯ ಜೀವ. ಮಾದರಿ ಸಭೆಯನ್ನು ಅಳೆಯುವ ಕೋಲೂ ಇದೇ ಆಗಬೇಕು.

೪

ಶಾಲೆಯನ್ನೇ ಒಂದು ರಾಜ್ಯವೆಂದು ಕಲ್ಪಿಸಿ ನಡೆಯಿಸುವ ಪ್ರಯೋಗವು ಅಮೆರಿಕೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಪ್ರಸಿದ್ಧಿಗೆ ಬಂದಿತು. ವಿಲಿಯಂ ಜಾರ್ಜ್ ಎಂಬವನು ೧೮೯೫ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಫ್ರೀವಿಲ್ಲಿನಲ್ಲಿ ಮಕ್ಕಳ ಗಣರಾಜ್ಯವನ್ನು ಸ್ಥಾಪಿಸಿದನು. ನಮ್ಮಲ್ಲಿ ಸ್ವಾತಂತ್ರ್ಯಾನಂತರ ಮುದಲಿಯಾರ್ ಅವರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು (೧೯೫೨–೫೩) ಪ್ರಜಾಪ್ರಭುತ್ವಕ್ಕೆ ತಕ್ಕ ಪೌರರನ್ನು ಸಿದ್ಧಗೊಳಿಸುವುದನ್ನು ಶಿಕ್ಷಣದ ಮುಖ್ಯ ಗುರಿಗಳಲ್ಲಿ ಒಂದಾಗಿ ಎಣಿಸಿತು.

ಯುವ ಸಂಸತ್ತಿನ ಯೋಜನೆಯ ಮೂಲವು ಬೇರೊಂದು ಕಡೆಯಲ್ಲಿದೆ. ೧೯೬೨ರಲ್ಲಿ ಮುಂಬಯಿಯಲ್ಲಿ ಕೂಡಿದ ನಾಲ್ಕನೆಯ ಅಖಿಲ ಭಾರತ ಸಚೇತಕರ ಸಮ್ಮೇಳನವು ಶಾಲೆಗಳಲ್ಲಿ ಇಂತಹ ಸಭೆಗಳನ್ನು ನಡೆಯಿಸಬೇಕೆಂದು ಶಿಫಾರಸು ಮಾಡಿತು. ಪಕ್ಷದ ಸದಸ್ಯರನ್ನು ಶಿಸ್ತಿನಲ್ಲಿಡುವ ಸಚೇತಕರ ಸಮ್ಮೇಳನದಿಂದ ಈ ಯೋಜನೆಯು ಹುಟ್ಟಿತೆಂಬುದು ಗಮನಾರ್ಹ. ಶಿಸ್ತು, ಕ್ರಮ, ಸಭಾಮರ್ಯಾದೆಗಳು ಅದರ ಹುಟ್ಟುಗುಣಗಳಾಗಿ ಉಳಿದುವು. ೧೯೬೬–೬೭ರಲ್ಲಿ ದಿಲ್ಲಿಯ ಶಾಲೆಗಳಲ್ಲಿ ಅದು ಆರಂಭವಾಯಿತು. ೧೯೮೮ರಲ್ಲಿ ಕೇಂದ್ರೀಯ ವಿದ್ಯಾಲಯಗಳಿಗೆ ರಾಷ್ಟ್ರಮಟ್ಟದಲ್ಲಿಯೂ, ೧೯೯೭–೯೮ರಲ್ಲಿ ಜವಾಹರ ನವೋದಯ ವಿದ್ಯಾಲಯಗಳಿಗೂ ವಿಶ್ವವಿದ್ಯಾಲಯಗಳಿಗೂ ವಿಸ್ತರಿಸಿತು. ಉತ್ತರ ಕನ್ನಡದ ನವೋದಯ ವಿದ್ಯಾಲಯವು ನೆರೆಯ ಮುಂಡಗೋಡ ತಾಲೂಕಿನಲ್ಲಿರುವುದರಿಂದ, ಆರನೆಯ ತರಗತಿಗೆ ಆಯ್ಕೆಯಾಗಿ ಅಲ್ಲಿಗೆ ಹೋಗುವ ಈ ಮೂರು ತಾಲೂಕುಗಳ ಮಕ್ಕಳಿಗೂ ಈ ಯೋಜನೆಯ ಬಾಗಿಲು ತೆರೆದಂತಾಯಿತು. ರಾಜ್ಯ ಸರಕಾರದ ಸಂಸದೀಯ ವ್ಯವಹಾರಗಳ ಇಲಾಖೆಯ ಆಶ್ರಯದಲ್ಲಿ ತಾಲೂಕು, ಜಿಲ್ಲೆ, ರಾಜ್ಯ ಮಟ್ಟಗಳ ಸ್ಪರ್ಧೆಗಳೂ ಏರ್ಪಟ್ಟುವು. ೨೦೧೯ರ ನವೆಂಬರ್ ೨೬ರ ಸಂವಿಧಾನ ದಿನದಂದು ಕೇಂದ್ರ ಸರಕಾರವು ಎಲ್ಲ ಶಾಲೆಗಳೂ ಅಂತರ್ಜಾಲದ ಮೂಲಕ ಸೇರಬಹುದಾದ ವ್ಯವಸ್ಥೆಯನ್ನು ಮಾಡಿತು.

ಈ ಯುವ ಸಂಸತ್ತಿನ ಅಧಿವೇಶನವು ಒಂದು ಗಂಟೆಯ ಆವರಣದಲ್ಲಿ ನಡೆಯತಕ್ಕದ್ದು. ಹೊಸ ಸದಸ್ಯರ ಪ್ರಮಾಣವಚನ, ಸಂತಾಪ ಸೂಚನೆ, ಪ್ರಶ್ನೋತ್ತರ ವೇಳೆ, ಕಾಗದಪತ್ರಗಳ ಮಂಡನೆ, ಗಮನ ಸೆಳೆಯುವ ಸೂಚನೆ, ಮಸೂದೆಯ ಚರ್ಚೆ, ಮತಕ್ಕೆ ಹಾಕುವಿಕೆ, ಹೀಗೆ ನಿಜವಾದ ಸಭೆಯು ದಿನವಿಡೀ ಮಾಡುವ ಕೆಲಸವನ್ನು ಮಕ್ಕಳು ಸಂಕ್ಷೇಪಿಸಿ ಮಾಡುವರು. ಇದರ ಪ್ರಯೋಜನವನ್ನು ಅಲ್ಲಗಳೆಯಲಾಗದು. ಹತ್ತು ಜನರೆದುರು ಬಾಯಿ ತೆರೆಯದ ಹುಡುಗಿಯು ಸಭಾಧ್ಯಕ್ಷರ ಪೀಠದಲ್ಲಿ ಕುಳಿತು ಸಭೆಯನ್ನು ಹತೋಟಿಯಲ್ಲಿಡಲು ಕಲಿಯುವಳು. ವಿರೋಧಪಕ್ಷವೆಂದರೆ ಶತ್ರುಪಕ್ಷವಲ್ಲವೆಂಬುದು ಪುಸ್ತಕದ ನೂರು ಪುಟಗಳಿಗಿಂತ ಅಲ್ಲಿ ಚೆನ್ನಾಗಿ ಮನವರಿಕೆಯಾಗುವುದು.

ಆದರೆ ಎರಡು ಕೊರತೆಗಳು ತೋರಿಬರುತ್ತವೆ. ಒಂದು, ಸ್ಪರ್ಧೆಯೆಂದ ಮೇಲೆ ಪ್ರಶ್ನೆಯೂ ಉತ್ತರವೂ ಮುಂಚಿತವಾಗಿ ಬರೆಯಲ್ಪಟ್ಟು ಕಂಠಪಾಠವಾಗುವುದು ಸಹಜ. ಆಗ ಮರುಪ್ರಶ್ನೆಯೂ ಬರೆದುಕೊಂಡುದೇ ಆಗಿ, ೧೮೯೨ರ ಸದಸ್ಯನಿಗಿದ್ದಷ್ಟು ಸ್ವಾತಂತ್ರ್ಯವೂ ೨೧ನೆಯ ಶತಮಾನದ ಬಾಲಸದಸ್ಯನಿಗೆ ಉಳಿಯದು. ಎರಡು, ಇಂತಹ ಅಧಿವೇಶನಕ್ಕೆ ಐವತ್ತರಷ್ಟು ಮಕ್ಕಳಾದರೂ ಬೇಕು. ಮಲೆನಾಡಿನಲ್ಲಿ ಊರೆಂದರೆ ಕಣಿವೆಗೊಂದು ಕೇರಿ, ತೋಟಕ್ಕೊಂದು ಮನೆ. ಒಂದೆರಡು ಡಜನ್ ಮಕ್ಕಳು ಓದುವ ಶಾಲೆಯಲ್ಲಿ ಆಡಳಿತ ಪಕ್ಷವನ್ನು ಕಟ್ಟಿದರೆ ವಿರೋಧಪಕ್ಷಕ್ಕೆ ಆಳು ಸಾಲದು. ಪಟ್ಟಣದ ದೊಡ್ಡ ಶಾಲೆಗೆ ಹೊಲಿದ ಅಂಗಿಯು ಕಾಡಂಚಿನ ಶಾಲೆಗೆ ಒಗ್ಗದು.

ಶಾಲಾ ಸಂಸತ್ತು ಈ ಎರಡನೆಯ ಕೊರತೆಯನ್ನು ನೀಗಿಸುವುದು. ಎಷ್ಟು ಚಿಕ್ಕ ಶಾಲೆಯಲ್ಲಿಯೂ ಅದು ನಡೆಯಬಲ್ಲುದು. ನಾಮಪತ್ರ, ಪ್ರಚಾರ, ಗುಪ್ತಮತದಾನ, ಬೆರಳಿಗೆ ಶಾಯಿ, ಎಣಿಕೆ, ಪ್ರಮಾಣವಚನ ಇವೆಲ್ಲವನ್ನೂ ಮಕ್ಕಳು ಅನುಭವಿಸುವರು. ಆದರೆ ಚುನಾವಣೆಯ ದಿನದ ಉತ್ಸಾಹವು ಮುಂದೆ ವರ್ಷವಿಡೀ ನಿಲ್ಲುವುದು ವಿರಳ. ಸ್ವಚ್ಛತೆಯ ಮಂತ್ರಿಯು ಕಸ ಗುಡಿಸುವವರ ಸರದಿಯನ್ನು ಬರೆಯುವನು, ಆಹಾರದ ಮಂತ್ರಿಯು ಊಟದ ಸಾಲನ್ನು ನೋಡುವನು. ಅವರು ಮಂತ್ರಿಗಳೆನಿಸಿಕೊಂಡರೂ ಸಭೆಗೆ ಲೆಕ್ಕ ಒಪ್ಪಿಸುವ ಪದ್ಧತಿಯಿಲ್ಲದಿದ್ದರೆ ಹಿಂದಿನ ಕಾಲದ ತರಗತಿಯ ಮುಖಂಡರಾಗಿಯೇ ಉಳಿಯುವರು. ಮಂತ್ರಿಯೆಂಬುವನು ಕೆಲಸ ಮಾಡಿಸುವವನಷ್ಟೇ ಅಲ್ಲ, ಪ್ರಶ್ನೆಗೆ ಒಳಪಟ್ಟವನು ಎಂಬ ಅರ್ಥವೇ ಅಲ್ಲಿ ಕಳೆದುಹೋಗುವುದು.

೫

ಇನ್ನು ಎರಡನೆಯ ವಂಶಾವಳಿಯನ್ನು ನೋಡುವ. ೧೯೮೩ರಲ್ಲಿ ರಾಮಕೃಷ್ಣ ಹೆಗಡೆಯವರ ಸರಕಾರವು, ಪಂಚಾಯತ ರಾಜ್ಯದ ಮಂತ್ರಿ ಅಬ್ದುಲ್ ನಜೀರ್ ಸಾಬರ ಉತ್ಸಾಹದ ಬಲದಿಂದ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾಯಿದೆಯನ್ನು ರೂಪಿಸಿತು. ೧೯೮೭ರ ಆರಂಭದಲ್ಲಿ ಅದರ ಮೇರೆಗೆ ಚುನಾವಣೆಗಳು ನಡೆದುವು. ನೂರಕ್ಕೆ ೨೫ ಸ್ಥಾನಗಳು ಸ್ತ್ರೀಯರಿಗೆ ಮೀಸಲಾದುವು. ಸಂವಿಧಾನದ ೭೩ನೆಯ ತಿದ್ದುಪಡಿಯೂ ಕರ್ನಾಟಕ ಪಂಚಾಯತ ರಾಜ್ ಅಧಿನಿಯಮವೂ ೧೯೯೩ರಲ್ಲಿ ಜಾರಿಗೆ ಬಂದು, ಗ್ರಾಮಸಭೆಗೆ ಸಂವಿಧಾನದ ಮನ್ನಣೆ ದೊರೆಯಿತು. ಆದರೆ ಗ್ರಾಮಸಭೆಯೆಂದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವವರ ಸಭೆ. ಹದಿನೆಂಟು ತುಂಬದವನಿಗೆ ಅಲ್ಲಿ ಸ್ಥಾನವಿಲ್ಲ. ಶಾಲೆಗೆ ಹೋಗುವ ದಾರಿಯ ಹಳ್ಳವನ್ನು ದಿನವೂ ದಾಟುವವನು ಮಗು; ಆ ಹಳ್ಳಕ್ಕೆ ಕಾಲುಸಂಕ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಇತರರು.

ಇತ್ತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯು ೧೯೮೯ರಲ್ಲಿ ಅಂಗೀಕೃತವಾಯಿತು. ಭಾರತವು ೧೯೯೨ರಲ್ಲಿ ಅದಕ್ಕೆ ಸೇರಿತು. ತನಗೆ ಸಂಬಂಧಪಟ್ಟ ವಿಷಯದಲ್ಲಿ ತನ್ನ ಅಭಿಪ್ರಾಯವನ್ನು ಹೇಳುವ, ಅದಕ್ಕೆ ತಕ್ಕ ಗೌರವವನ್ನು ಪಡೆಯುವ ಹಕ್ಕು ಮಗುವಿಗುಂಟೆಂದು ಅದರ ೧೨ನೆಯ ವಿಧಿಯು ಸಾರುವುದು. ಕರಾವಳಿಯ ಕುಂದಾಪುರ ತಾಲೂಕಿನಲ್ಲಿ ೧೯೯೫ರಲ್ಲಿ, ದುಡಿಯುವ ಮಕ್ಕಳ ಸಂಘಟನೆಯಾದ ಭೀಮಸಂಘದ ಹಿನ್ನೆಲೆಯಿಂದ, ಮಕ್ಕಳ ಪಂಚಾಯತಿಗಳು ಮೊದಲಾದುವು. ಹದಿನೆಂಟರೊಳಗಿನವರು ತಮ್ಮವರನ್ನೇ ಆರಿಸಿ, ತಮ್ಮ ಊರಿನ ಸಮಸ್ಯೆಗಳನ್ನು ತಾವೇ ವಿಚಾರಿಸಿ ತಿಳಿದು, ಅವನ್ನು ಹಿರಿಯರ ಪಂಚಾಯತಿಯ ಮುಂದೆ ಇಡುವ ಏರ್ಪಾಡು ಅದು. ಇದು ಲೋಕಸಭೆಯ ಅನುಕರಣವಲ್ಲ. ಅಧಿಕಾರವುಳ್ಳ ಒಂದು ಸಭೆಯ ಬಾಗಿಲಲ್ಲಿ ನಿಂತು ಉತ್ತರ ಬೇಡುವ ಸಭೆ. ವನದುಃಖ ನಿವಾರಣ ಸಭೆಗೆ ಇದು ಹತ್ತಿರದ ನೆಂಟನೆಂದು ಬೇರೆ ಹೇಳಬೇಕಾಗಿಲ್ಲ. ೨೦೦೬ರಲ್ಲಿ ಕರ್ನಾಟಕ ಸರಕಾರವು ರಾಜ್ಯದ ಎಲ್ಲ ಗ್ರಾಮ ಪಂಚಾಯತಿಗಳೂ ಮಕ್ಕಳ ಗ್ರಾಮಸಭೆಯನ್ನು ಕರೆಯಬೇಕೆಂದು ಆಜ್ಞಾಪಿಸಿದುದರಿಂದ ಈ ಪದ್ಧತಿಯು ಘಟ್ಟದ ಮೇಲಣ ತಾಲೂಕುಗಳಿಗೂ ಬಂದಿತು.

ಇದರ ಗುಣವೂ ದೋಷವೂ ಸ್ಪಷ್ಟವಾಗಿವೆ. ಗುಣವೆಂದರೆ, ಉತ್ತರ ಕೊಡಬೇಕಾದವರು ನಿಜವಾದ ಅಧಿಕಾರಿಗಳೂ ಸದಸ್ಯರೂ ಆಗಿರುವುದು. ದೋಷವೆಂದರೆ, ಪೂರ್ವಸಿದ್ಧತೆಯಿಲ್ಲದೆ ಬಂದ ಮಕ್ಕಳು ಒಂದೊಂದು ಬೇಡಿಕೆಯನ್ನು ಹೇಳಿ ಕುಳಿತುಬಿಡುವುದು. ‘ಪರಿಶೀಲಿಸಲಾಗುವುದು’ ಎಂಬ ಒಂದೇ ಮಾತಿಗೆ ಪ್ರಶ್ನೆಯು ಮುಗಿಯುವುದು. ಮುಂದಿನ ವರ್ಷ ಕೇಳೋಣವೆಂದರೆ ಕೇಳಿದ ಹುಡುಗನು ಶಾಲೆಯನ್ನೇ ಬಿಟ್ಟು ಮುಂದಿನ ಓದಿಗೆ ಹೋಗಿರುವನು. ಪ್ರಶ್ನೆಗೆ ಉತ್ತರಾಧಿಕಾರಿಯೇ ಇಲ್ಲ. ಒಂದು ಕಡೆ ಮರುಪ್ರಶ್ನೆಯನ್ನು ಕಲಿತ ಮಕ್ಕಳಿಗೆ ಉತ್ತರಿಸುವ ನಿಜವಾದ ಅಧಿಕಾರಿಯಿಲ್ಲ. ಇನ್ನೊಂದು ಕಡೆ ಅಧಿಕಾರಿಯು ಎದುರಿಗೇ ಇದ್ದರೂ ಮರುಪ್ರಶ್ನೆಯನ್ನು ಕಲಿತ ಮಕ್ಕಳಿಲ್ಲ.

೬

ಭಾಷೆಯ ವಿಷಯವನ್ನು ಸಾಹಿತ್ಯದ ಉಪಾಧ್ಯಾಯರು ವಿಶೇಷವಾಗಿ ಗಮನಿಸಬೇಕು. ಸಭೆಯ ಕನ್ನಡವು ಹಲವು ಪದರಗಳಿಂದ ಆದುದು. ಅರ್ಜಿ, ಅಹವಾಲು, ತಕರಾರು, ಹಾಜರಿ ಇವು ಅರಬ್ಬೀ ಪಾರಸಿಗಳ ಮೂಲದಿಂದ ಕಚೇರಿಯ ಹಾದಿ ಹಿಡಿದು ಬಂದುವು. ಠರಾವು ಎಂಬುದು ಮರಾಠಿಯ ಮೂಲಕ ಬಂದು ಮುಂಬಯಿ ಇಲಾಖೆಗೆ ಸೇರಿದ್ದ ಕನ್ನಡ ಸೀಮೆಯಲ್ಲಿ ನೆಲೆನಿಂತಿತು. ೧೯೫೬ರ ನವೆಂಬರ್ ೧ರಂದು ಉತ್ತರ ಕನ್ನಡವು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಿರ್ಣಯ, ಗೊತ್ತುವಳಿ, ನಿಲುವಳಿ ಸೂಚನೆ, ಹಕ್ಕುಚ್ಯುತಿ, ಚುಕ್ಕೆ ಗುರುತಿನ ಪ್ರಶ್ನೆ, ಶೂನ್ಯವೇಳೆ ಮೊದಲಾದ ಶಾಸನಸಭೆಯ ಮಾತುಗಳು ಅದರ ಮೇಲೆ ಹರಡಿದುವು. ಅಜ್ಜನು ಸಹಕಾರ ಸಂಘದಲ್ಲಿ ಠರಾವನ್ನು ಪಾಸುಮಾಡಿದರೆ ಮೊಮ್ಮಗಳು ಯುವ ಸಂಸತ್ತಿನಲ್ಲಿ ನಿರ್ಣಯವನ್ನು ಮಂಡಿಸುವಳು; ಇಬ್ಬರೂ ಮಾಡುವ ಕೆಲಸವೊಂದೇ. ಇದನ್ನು ಮಕ್ಕಳಿಗೆ ತಿಳಿಸಿದರೆ ಸಂಸತ್ತಿನ ಮಾತು ದೂರದ ದಿಲ್ಲಿಯದೆಂಬ ಭಾವನೆಯು ತೊಲಗುವುದು.

ಇದಕ್ಕಿಂತ ಗಹನವಾದುದು ಮನೆಮಾತಿನ ಪ್ರಶ್ನೆ. ಈ ಸೀಮೆಯ ಮಕ್ಕಳ ಮನೆಮಾತು ಹವ್ಯಕ ಕನ್ನಡವಿರಬಹುದು, ಬೇರೆ ಬಗೆಯ ಕನ್ನಡವಿರಬಹುದು. ಯಲ್ಲಾಪುರದ ಸಿದ್ದಿಯರಲ್ಲಿ ಅನೇಕರದು ಒಂದು ಬಗೆಯ ಕೊಂಕಣಿ. ಗೌಳಿಗರದು ಮರಾಠಿಯ ಒಂದು ಭೇದ. ಸಭೆಯ ಶಿಷ್ಟ ಕನ್ನಡವು ಇವರಲ್ಲಿ ಕೆಲವರಿಗೆ ಎರಡನೆಯ ಭಾಷೆ. ಸಿದ್ದಿಯರು ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡವೆಂದು ಮನ್ನಣೆ ಪಡೆದುದು ೨೦೦೩ರಲ್ಲಿ. ಅವರಲ್ಲೊಬ್ಬರು ಶಾಸನಮಂಡಲವನ್ನು ಮುಟ್ಟಿದುದು ೨೦೨೦ರಲ್ಲಿ. ಶಾಲೆಯ ಸಭೆಯಲ್ಲಿಯೂ ನಿರರ್ಗಳವಾಗಿ ಮಾತನಾಡಬಲ್ಲವರೇ ಮಂತ್ರಿಗಳಾಗಿ, ಉಳಿದವರು ಕೈ ಎತ್ತುವ ಸದಸ್ಯರಾಗಿಯೇ ಇದ್ದುಬಿಟ್ಟರೆ ಆ ಸಭೆಯು ಹೊರಗಿನ ಲೋಕದ ಅಸಮಾನತೆಗೆ ಮಾದರಿಯಾಗುವುದೇ ಹೊರತು ಪ್ರಜಾಪ್ರಭುತ್ವಕ್ಕಲ್ಲ. ನಮ್ಮ ಸಂವಿಧಾನವು ಇದಕ್ಕೊಂದು ದಾರಿಯನ್ನು ತೋರಿಸಿಯೇ ಇದೆ. ರಾಜ್ಯದ ಶಾಸನಸಭೆಯ ಭಾಷೆಗಳಲ್ಲಿ ತನ್ನ ಅಭಿಪ್ರಾಯವನ್ನು ಸಾಕಷ್ಟು ಚೆನ್ನಾಗಿ ಹೇಳಲಾರದ ಸದಸ್ಯನಿಗೆ ತನ್ನ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದೆಂದು ೨೧೦ನೆಯ ವಿಧಿಯು ಹೇಳುತ್ತದೆ. ಶಾಸನಸಭೆಯನ್ನು ಇಷ್ಟೆಲ್ಲ ಅನುಕರಿಸುವ ಶಾಲೆಗಳು ಈ ಒಂದು ವಿಧಿಯನ್ನೂ ಅನುಕರಿಸುವುದು ಉಚಿತ. ಸಿದ್ದಿ ಬಾಲೆಯು ತನ್ನ ಮನೆಮಾತಿನಲ್ಲಿ ಕೇಳಿದ ಪ್ರಶ್ನೆಯನ್ನು ಸಹಪಾಠಿಯೊಬ್ಬನು ಕನ್ನಡದಲ್ಲಿ ಸಭೆಗೆ ತಿಳಿಸಿದರೆ, ಭಾಷಾಂತರವೆಂಬುದೂ ಪೌರಧರ್ಮವೆಂದು ಆ ತರಗತಿಯು ಕಲಿಯುವುದು.

೭

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದೇನೆಂದರೆ, ಮೂರು ರೂಪಗಳಲ್ಲಿ ಯಾವುದನ್ನೂ ಬಿಡಬೇಕಾಗಿಲ್ಲ. ಅವನ್ನು ಒಂದಕ್ಕೊಂದು ಜೋಡಿಸಬೇಕಾಗಿದೆ. ಶಾಲಾ ಸಂಸತ್ತು ತಿಂಗಳಿಗೊಮ್ಮೆ ಕೂಡಿ, ಊರಿನ ಕಷ್ಟಗಳನ್ನು ವಿಚಾರಿಸಿ, ಅವುಗಳಲ್ಲಿ ಶಾಲೆಯೇ ನೀಗಿಸಬಲ್ಲುದು ಯಾವುದು, ಪಂಚಾಯತಿಯದು ಯಾವುದು, ರಾಜ್ಯದ್ದು ಯಾವುದು ಎಂದು ವಿಂಗಡಿಸಲಿ. ಈ ವಿಂಗಡಣೆಯೇ ರಾಜ್ಯಶಾಸ್ತ್ರದ ಅತ್ಯುತ್ತಮ ಪಾಠ. ಯುವ ಸಂಸತ್ತಿನ ಕ್ರಮದಿಂದ ಪ್ರಶ್ನೆಯನ್ನು ಚಿಕ್ಕದಾಗಿಯೂ ಖಚಿತವಾಗಿಯೂ ರಚಿಸುವುದನ್ನು, ಬರೆದುಕೊಳ್ಳದೆ ಮರುಪ್ರಶ್ನೆ ಹಾಕುವುದನ್ನು ಮಕ್ಕಳು ಅಭ್ಯಾಸ ಮಾಡಲಿ. ಇದಕ್ಕೆ ಐವತ್ತು ಮಕ್ಕಳು ಬೇಕಾಗಿಲ್ಲ, ಹತ್ತು ಮಕ್ಕಳಿದ್ದರೂ ಸಾಕು. ಪಂಚಾಯತಿಗೆ ಸೇರಿದ ಪ್ರಶ್ನೆಗಳು ಮಕ್ಕಳ ಗ್ರಾಮಸಭೆಗೆ ಲಿಖಿತವಾಗಿ ಹೋಗಲಿ.

ಎಲ್ಲಕ್ಕಿಂತ ಮುಖ್ಯವಾದುದು ನಡವಳಿಯ ಪುಸ್ತಕ. ಪ್ರತಿ ಶಾಲೆಯಲ್ಲಿಯೂ ಒಂದು ಪುಸ್ತಕವಿದ್ದು, ಕೇಳಿದ ಪ್ರಶ್ನೆ, ಬಂದ ಉತ್ತರ, ಆದ ಕೆಲಸ ಇವು ದಿನಾಂಕದೊಡನೆ ಅದರಲ್ಲಿ ದಾಖಲಾಗಬೇಕು. ಹೊಸ ವರ್ಷದ ಶಾಲಾ ಸಂಸತ್ತು ಪ್ರಮಾಣವಚನವಾದ ಕೂಡಲೆ ಹಿಂದಿನ ವರ್ಷದ ಉತ್ತರ ಬಾರದ ಪ್ರಶ್ನೆಗಳನ್ನು ಓದಬೇಕು. ಆಗ ಹತ್ತನೆಯ ತರಗತಿಯವನು ಬಿಟ್ಟುಹೋದ ಪ್ರಶ್ನೆಗೆ ಎಂಟನೆಯ ತರಗತಿಯವಳು ವಾರಸುದಾರಳಾಗುವಳು. ಉಪಾಧ್ಯಾಯರಿಗೆ ಇದರಿಂದ ಹೆಚ್ಚಿನ ಹೊರೆಯಾಗದು, ಬರೆಯುವವರು ಮಕ್ಕಳೇ. ಕನ್ನಡ ಗದ್ಯವನ್ನು ಸಂಕ್ಷಿಪ್ತವಾಗಿಯೂ ನಿಷ್ಪಕ್ಷಪಾತವಾಗಿಯೂ ಬರೆಯುವ ಅಭ್ಯಾಸಕ್ಕೆ ನಡವಳಿಗಿಂತ ಉತ್ತಮವಾದ ಪ್ರಬಂಧವು ಬೇರಿಲ್ಲ. ಐವತ್ತು ವರ್ಷಗಳ ಬಳಿಕ ಈ ಸೀಮೆಯ ಚರಿತ್ರೆಯನ್ನು ಬರೆಯುವವರಿಗೂ ಅಂತಹ ಪುಸ್ತಕಗಳು ಅಮೂಲ್ಯ ಆಕರಗಳಾಗುವುವು.

ಮಕ್ಕಳನ್ನು ಸಭೆಗೆ ಕರೆದು, ಮಾತನಾಡಿಸಿ, ಚಪ್ಪಾಳೆ ತಟ್ಟಿ, ಉತ್ತರ ಕೊಡದೆ ಕಳುಹಿಸುವುದು ಕರೆಯದಿರುವುದಕ್ಕಿಂತಲೂ ಕೆಟ್ಟುದು. ಪ್ರಜಾಪ್ರಭುತ್ವವು ಒಂದು ನಾಟಕವೆಂಬ ಪಾಠವನ್ನು ಅದು ಹನ್ನೆರಡರ ವಯಸ್ಸಿಗೇ ಕಲಿಸುವುದು. ಆ ವಯಸ್ಸಿನಲ್ಲಿ ಕಲಿತ ಪಾಠವು ಮತದಾನದ ವಯಸ್ಸಿಗೆ ಮಾಸಿಹೋಗದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಿರಿಯರು ಕಾಡಿನ ಸೊಪ್ಪಿಗಾಗಿ ಅರ್ಜಿ ಬರೆದು, ಅಡಕೆಯ ಬೆಲೆಗಾಗಿ ಸಂಘ ಕಟ್ಟಿ, ಕಂದಾಯದ ವಿಷಯದಲ್ಲಿ ಇಲ್ಲವೆನ್ನಲು ಕಲಿತು ಪ್ರಜೆಗಳಾದರು. ಅವರ ಮೊಮ್ಮಕ್ಕಳ ಪ್ರಶ್ನೆಗಳಿಗೂ ಅಷ್ಟೇ ನಿಜವಾದ ವಿಷಯವೂ, ಅಷ್ಟೇ ನಿಜವಾದ ಉತ್ತರವೂ ದೊರೆಯುವಂತೆ ಮಾಡುವುದು ಶಾಲೆ ಮತ್ತು ಪಂಚಾಯತಿ ಎರಡರ ಕರ್ತವ್ಯವಾಗಿದೆ.